ಹದಿನೆಂಟು ಸಿಲಿಂಡರ್, ಮೂವತ್ತು ಸೆಕೆಂಡ್: ನಾರ್ವೆಯ ಭಾರಜಲದ ಕಥೆ

2025ರ ಜೂನ್‌ನಲ್ಲಿ ಇಸ್ರೇಲಿನ ವಿಮಾನಗಳು ಇರಾನಿನ ಅರಾಕ್ ಬಳಿಯ ಪರಮಾಣು ಸ್ಥಾವರದ ಮೇಲೆ ದಾಳಿ ಮಾಡಿದವು. ಆ ಸುದ್ದಿಯ ಜೊತೆಗೇ 'ಭಾರಜಲ' ಎಂಬ ಪದ ಮನೆಮನೆಗೂ ಬಂತು. ಹೀಗೆಂದರೇನು, ನೀರಿಗೂ ಬಾಂಬಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳಿದವರು ಬಹಳ. ಇದೇ ನೀರಿಗಾಗಿ ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹಿಮ ಮುಸುಕಿದ ನಾರ್ವೆಯ ಬೆಟ್ಟಗಳಲ್ಲಿ ಒಂದು ದಾಳಿ ನಡೆದಿತ್ತು. ಅದನ್ನು ಮುನ್ನಡೆಸಿದವನಿಗೆ ಆಗ 23 ವರ್ಷ. ಹೆಸರು ಯೋಆಕಿಮ್ ರೋನೆಬರ್ಗ್. ಆ ರಾತ್ರಿ ಒಂದು ಗುಂಡೂ ಹಾರಲಿಲ್ಲ, ಒಂದು ಜೀವವೂ ಹೋಗಲಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಮೊದಲು ನೀರಿನಿಂದಲೇ ಶುರುಮಾಡಬೇಕು.

ನೀರಿಗೆ ಭಾರ ಎಲ್ಲಿಂದ ಬಂತು?

ನೀರು ಎಂದರೆ ಎರಡು ಹೈಡ್ರೋಜನ್, ಒಂದು ಆಮ್ಲಜನಕ. ಇದು ಶಾಲೆಯಲ್ಲಿ ಓದಿದ್ದೇ. ಹೈಡ್ರೋಜನ್ ಪರಮಾಣುವಿನ ಒಳಗೆ, ನಟ್ಟನಡುವೆ, ಸಾಮಾನ್ಯವಾಗಿ ಒಂದೇ ಒಂದು ಪ್ರೋಟಾನ್ ಇರುತ್ತದೆ. ಆದರೆ ಸುಮಾರು 6,400 ಹೈಡ್ರೋಜನ್ ಪರಮಾಣುಗಳಲ್ಲಿ ಒಂದರಲ್ಲಿ ಮಾತ್ರ ಪ್ರೋಟಾನಿನ ಪಕ್ಕದಲ್ಲಿ ಒಂದು ನ್ಯೂಟ್ರಾನ್ ಕೂಡ ಕುಳಿತಿರುತ್ತದೆ. ಇದಕ್ಕೆ ಡ್ಯೂಟೀರಿಯಂ ಎಂದು ಹೆಸರು. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ ಇದನ್ನು ಪತ್ತೆಮಾಡಿದರು. ಇಂಥ ಹೈಡ್ರೋಜನ್‌ನಿಂದ ಆದ ನೀರೇ ಭಾರಜಲ.

ಕಣ್ಣಿಗೆ ಇದು ಮಾಮೂಲಿ ನೀರೇ. ಬಣ್ಣವಿಲ್ಲ, ವಾಸನೆಯಿಲ್ಲ. ತೂಗಿದರೆ ಮಾತ್ರ ಶೇಕಡಾ 11ರಷ್ಟು ಹೆಚ್ಚು ತೂಗುತ್ತದೆ. ಸೊನ್ನೆ ಡಿಗ್ರಿಯ ಬದಲು 3.8 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಇದರ ಮಂಜುಗಡ್ಡೆಯ ತುಂಡನ್ನು ಒಂದು ಲೋಟ ಸಾಮಾನ್ಯ ನೀರಿಗೆ ಹಾಕಿದರೆ ತೇಲುವುದಿಲ್ಲ, ಸೀದಾ ತಳಕ್ಕೆ ಹೋಗಿ ಕೂರುತ್ತದೆ. ನಾವು ದಿನವೂ ಕುಡಿಯುವ ನೀರಿನಲ್ಲಿಯೂ ಇದರ ಅಂಶ ಇದ್ದೇ ಇದೆ. ಅದನ್ನು ಬೇರ್ಪಡಿಸುವುದೇ ಕಷ್ಟದ ಕೆಲಸ.

ಬಾಂಬಿಗೂ ಈ ನೀರಿಗೂ ಏನು ಸಂಬಂಧ?

ಭಾರಜಲ ತಾನಾಗಿ ಸಿಡಿಯುವ ವಸ್ತುವಲ್ಲ. ಅದರ ಕೆಲಸ ನ್ಯೂಟ್ರಾನುಗಳ ಓಟಕ್ಕೆ ಕಡಿವಾಣ ಹಾಕುವುದು.

ಯುರೇನಿಯಂ ಪರಮಾಣು ಒಡೆದಾಗ ಅದರೊಳಗಿಂದ ಎರಡು ಮೂರು ನ್ಯೂಟ್ರಾನುಗಳು ಭಾರಿ ವೇಗದಲ್ಲಿ ಚಿಮ್ಮುತ್ತವೆ. ಅವು ಮತ್ತೊಂದು ಪರಮಾಣುವನ್ನು ಒಡೆದರೆ, ಅದರಿಂದ ಚಿಮ್ಮಿದವು ಇನ್ನೊಂದನ್ನು ಒಡೆದರೆ, ಅದೇ ಸರಣಿ ಕ್ರಿಯೆ. ತೊಡಕು ಏನೆಂದರೆ, ತೀರಾ ವೇಗವಾಗಿ ಹೋಗುವ ನ್ಯೂಟ್ರಾನ್ ಸುಲಭವಾಗಿ ಗುರಿ ಮುಟ್ಟುವುದಿಲ್ಲ. ನಿಧಾನವಾಗಿ ಹೋಗುವುದೇ ಚೆನ್ನಾಗಿ ಒಡೆಯುತ್ತದೆ. ಹಾಗಾಗಿ ನ್ಯೂಟ್ರಾನನ್ನು ನಿಧಾನಗೊಳಿಸುವ ಒಂದು ವಸ್ತು ಬೇಕು. ಅದಕ್ಕೆ ಮಂದಕ ಎನ್ನುತ್ತಾರೆ.

ಕೇರಂ ಆಡಿದವರಿಗೆ ಇದು ಗೊತ್ತು. ಸ್ಟ್ರೈಕರ್ ಚೌಕಟ್ಟಿಗೆ ಬಡಿದರೆ ಅದೇ ಬಿರುಸಿನಲ್ಲಿ ಹಿಂದಕ್ಕೆ ಬರುತ್ತದೆ. ಕಾಯಿಗೆ ನೇರವಾಗಿ ತಾಗಿದರೆ ಬಿರುಸಿನ ಬಹುಪಾಲು ಕಾಯಿಗೆ ದಾಟಿ ತಾನು ನಿಧಾನವಾಗುತ್ತದೆ. ಎರಡರ ತೂಕ ಸಮವಾದಷ್ಟೂ ಬಿರುಸು ಹೆಚ್ಚು ದಾಟುತ್ತದೆ. ನ್ಯೂಟ್ರಾನಿಗೆ ಹೆಚ್ಚುಕಡಿಮೆ ತನ್ನಷ್ಟೇ ತೂಕದ ಕಾಯಿ ಎಂದರೆ ಹೈಡ್ರೋಜನ್. ಹಾಗಾದರೆ ಸಾಮಾನ್ಯ ನೀರೇ ಸಾಕಲ್ಲ? ಸಾಲದು. ಸಾಮಾನ್ಯ ಹೈಡ್ರೋಜನ್ ಬಸ್ಸಿನಲ್ಲಿನ ಖಾಲಿ ಸೀಟಿನ ಹಾಗೆ. ಬಂದ ನ್ಯೂಟ್ರಾನ್ ಅಲ್ಲೇ ಕುಳಿತುಬಿಡುತ್ತದೆ, ಮುಂದಿನ ಕೆಲಸಕ್ಕೆ ಸಿಗುವುದಿಲ್ಲ. ಡ್ಯೂಟೀರಿಯಂನಲ್ಲಿ ಆ ಸೀಟು ಆಗಲೇ ಭರ್ತಿ. ಅದು ನ್ಯೂಟ್ರಾನನ್ನು ನಿಧಾನಗೊಳಿಸಿ ಹೋಗಲು ಬಿಡುತ್ತದೆ.

ಭಾರಜಲವಿದ್ದರೆ ನೆಲದಿಂದ ಅಗೆದ ಯುರೇನಿಯಂ ಅನ್ನು ಸಂಸ್ಕರಿಸಿ ಗಟ್ಟಿಗೊಳಿಸದೆಯೇ ಸರಣಿ ಕ್ರಿಯೆ ನಡೆಸಬಹುದು. ಆ ಕ್ರಿಯೆಯಲ್ಲಿ ಪ್ಲುಟೋನಿಯಂ ಎಂಬ ಹೊಸ ಲೋಹ ಹುಟ್ಟುತ್ತದೆ. ನಾಗಸಾಕಿಯ ಮೇಲೆ ಬಿದ್ದದ್ದು ಪ್ಲುಟೋನಿಯಂ ಬಾಂಬ್. ಜರ್ಮನಿ ಇಂಥ ಬಾಂಬ್ ಮಾಡಿಬಿಟ್ಟೀತು ಎಂದು ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಹಿಡಿದ ಭಯದ ಮೂಲ ಇದು. ಅಮೆರಿಕದವರು ಮಂದಕವಾಗಿ ಗ್ರಾಫೈಟ್ ಬಳಸಿ 1942ರ ಡಿಸೆಂಬರ್‌ನಲ್ಲಿ ಷಿಕಾಗೋದಲ್ಲಿ ಸರಣಿ ಕ್ರಿಯೆ ಸಾಧಿಸಿದರು. ಜರ್ಮನ್ ವಿಜ್ಞಾನಿಗಳು ಗ್ರಾಫೈಟ್ ಆಗದು ಎಂದು ತೀರ್ಮಾನಿಸಿ ಭಾರಜಲವನ್ನೇ ನೆಚ್ಚಿಕೊಂಡರು.

ಇದೇ ಭಾರಜಲ ಬಾಂಬಿಗೆ ಹೊರತಾಗಿಯೂ ದುಡಿಯುತ್ತದೆ. ಕಾಳಿ ನದಿಯ ದಡದ ನಮ್ಮ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅವುಗಳಲ್ಲಿ ನ್ಯೂಟ್ರಾನುಗಳನ್ನು ನಿಧಾನಗೊಳಿಸುವುದೂ ಶಾಖವನ್ನು ಹೊತ್ತು ತರುವುದೂ ಭಾರಜಲವೇ.

ನಾರ್ವೆಯೇ ಏಕೆ?

ಏಕೆಂದರೆ ಆಗ ದೊಡ್ಡ ಪ್ರಮಾಣದಲ್ಲಿ ಭಾರಜಲ ತಯಾರಾಗುತ್ತಿದ್ದ ಜಾಗ ಅದೊಂದೇ. ಟೆಲೆಮಾರ್ಕ್ ಪ್ರಾಂತದ ರಿಯೂಕನ್ ಎಂಬ ಕಣಿವೆಯ ಪಟ್ಟಣದ ಬಳಿ, ವೆಮೋರ್ಕ್‌ನಲ್ಲಿ, ನಾರ್ಸ್ಕ್ ಹೈಡ್ರೊ ಕಂಪನಿ 1911ರಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿತ್ತು. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಶರಾವತಿ ಕಣಿವೆಯಲ್ಲಿ ಬೆಟ್ಟದ ಮೇಲಿಂದ ಇಳಿಯುವ ದೈತ್ಯ ಕೊಳವೆಗಳನ್ನು ನೋಡಿದವರು ಅಲ್ಲಿನ ನೋಟವನ್ನು ಊಹಿಸಿಕೊಳ್ಳಬಹುದು. ಆ ವಿದ್ಯುತ್ತನ್ನು ನೀರಿಗೆ ಹಾಯಿಸಿ ಹೈಡ್ರೋಜನ್ ಬೇರ್ಪಡಿಸುತ್ತಿದ್ದರು, ಅದರಿಂದ ಗೊಬ್ಬರ ಮಾಡುತ್ತಿದ್ದರು. ನೀರನ್ನು ವಿದ್ಯುತ್ತಿನಿಂದ ಒಡೆಯುವ ಈ ಕ್ರಮವೇ ವಿದ್ಯುದ್ವಿಭಜನೆ.

ಹೀಗೆ ಒಡೆಯುವಾಗ ಹಗುರ ಹೈಡ್ರೋಜನ್ ಮೊದಲು ಅನಿಲವಾಗಿ ಹಾರಿಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಕೊಪ್ಪರಿಗೆಯ ತಳದಲ್ಲಿ ಬೆಲ್ಲ ಗಟ್ಟಿಯಾಗುವಂತೆ, ಒಂದು ಹಂತದ ಶೇಷವನ್ನು ಮುಂದಿನ ಹಂತಕ್ಕೆ ಸಾಗಿಸುತ್ತ ಹೋದರೆ ಕೊನೆಯಲ್ಲಿ ಒಂದಿಷ್ಟು ಭಾರಜಲ ಸಿಗುತ್ತದೆ. ಆದರೆ ಇದಕ್ಕೆ ತಗಲುವ ವಿದ್ಯುತ್ತಿಗೆ ಲೆಕ್ಕವಿಲ್ಲ. ಗೊಬ್ಬರಕ್ಕಾಗಿ ಹೇಗೂ ವಿದ್ಯುತ್ ಸುರಿಯುತ್ತಿದ್ದ ಕಾರ್ಖಾನೆಗೆ ಮಾತ್ರ ಇದು ಗಿಟ್ಟುವ ಮಾತು. (ಭಾರತದ ಮೊದಲ ಭಾರಜಲ ಘಟಕವೂ 1962ರಲ್ಲಿ ಹೀಗೇ, ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆಯ ಜೊತೆಗೇ ಬಂತು.) ವೆಮೋರ್ಕ್‌ನ ಭಾರಜಲ ಘಟಕವನ್ನು ರೂಪಿಸುವುದರಲ್ಲಿ ಲೈಫ್ ಟ್ರಾನ್‌ಸ್ಟಾಡ್ ಎಂಬ ರಸಾಯನಶಾಸ್ತ್ರ ಪ್ರಾಧ್ಯಾಪಕರ ಪಾತ್ರ ದೊಡ್ಡದು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಓಲೆಸುನ್‌ನ ಹುಡುಗ

1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆ ಎರಗಿತು. ಎರಡು ತಿಂಗಳಲ್ಲಿ ದೇಶ ಕೈತಪ್ಪಿತು. ಏಳನೆಯ ಹಾಕೊನ್ ದೊರೆ ಮತ್ತು ಸರ್ಕಾರ ಲಂಡನ್ನಿಗೆ ಹೋದರು. ನಾಜಿಗಳ ಜೊತೆ ಕೈಜೋಡಿಸಿದ ಕ್ವಿಸ್ಲಿಂಗ್ ಎಂಬಾತನ ಹೆಸರು ಹಲವು ಭಾಷೆಗಳಲ್ಲಿ ದೇಶದ್ರೋಹಿ ಎಂಬುದಕ್ಕೆ ಪರ್ಯಾಯ ಪದವೇ ಆಯಿತು.

ಪ್ರತಿರೋಧ ಎಂದರೆ ಎಲ್ಲವೂ ಬಂದೂಕು, ಮದ್ದುಗುಂಡು ಅಲ್ಲ. ಜನರು ಕೋಟಿನ ಅಂಚಿಗೆ ಕಾಗದದ ಕ್ಲಿಪ್ ಸಿಕ್ಕಿಸಿಕೊಂಡು 'ನಾವು ಒಂದಾಗಿದ್ದೇವೆ' ಎಂದು ಮೌನವಾಗಿ ಹೇಳಿದರು. ನಾಜಿ ಸಿದ್ಧಾಂತ ಬೋಧಿಸಲು ಒಪ್ಪದೆ 1942ರಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರು ಸೆರೆಯಾದರು. ಇನ್ನು ಕೆಲವರು ದೋಣಿ ಹತ್ತಿದರು.

ರೋನೆಬರ್ಗ್ ದೋಣಿ ಹತ್ತಿದವರಲ್ಲಿ ಒಬ್ಬ. ಪಶ್ಚಿಮ ಕರಾವಳಿಯ ಓಲೆಸುನ್ ಪಟ್ಟಣದಲ್ಲಿ 1919ರ ಆಗಸ್ಟ್ 30ರಂದು ಹುಟ್ಟಿದವನು. 1941ರ ಮಾರ್ಚ್‌ನಲ್ಲಿ ಗೆಳೆಯರ ಜೊತೆ ಮೀನುಗಾರಿಕೆ ದೋಣಿಯಲ್ಲಿ ಉತ್ತರ ಸಮುದ್ರ ದಾಟಿ ಬ್ರಿಟನ್ ಸೇರಿದ. ಅಲ್ಲಿ, ಶತ್ರುವಿನ ಹಿಡಿತದ ನೆಲದಲ್ಲಿ ಗುಪ್ತ ಕಾರ್ಯಾಚರಣೆ ನಡೆಸಲೆಂದೇ 1940ರಲ್ಲಿ ಹುಟ್ಟಿದ್ದ ಬ್ರಿಟಿಷ್ ಸಂಸ್ಥೆಯೊಂದು ನಾರ್ವೆಯ ಯುವಕರ ಒಂದು ತುಕಡಿ ಕಟ್ಟಿತ್ತು. ಅದರ ಮೊದಲ ನಾಯಕ ಮಾರ್ಟಿನ್ ಲಿಂಗೆ 1941ರ ಡಿಸೆಂಬರ್‌ನಲ್ಲಿ ಸತ್ತ ಮೇಲೆ ಜನ ಅದನ್ನು ಲಿಂಗೆ ಕಂಪನಿ ಎಂದೇ ಕರೆದರು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸ್ಫೋಟಕ ಬಳಸುವುದು, ಪ್ಯಾರಾಶೂಟಿನಿಂದ ಇಳಿಯುವುದು, ಸದ್ದಿಲ್ಲದೆ ನಡೆಯುವುದು, ಎಲ್ಲವನ್ನೂ ಕಲಿತ ರೋನೆಬರ್ಗ್ ಬೇಗನೆ ಬೇರೆಯವರಿಗೆ ಕಲಿಸುವವನೂ ಆದ.

ಮೊದಲ ಪ್ರಯತ್ನ, ನಲವತ್ತೊಂದು ಸಾವು

1942ರ ಅಕ್ಟೋಬರ್ 18ರಂದು ನಾಲ್ವರು ನಾರ್ವೆಯವರು ರಿಯೂಕನ್‌ಗೆ ವಾಯವ್ಯದ ಹಾರ್ಡಾಂಗರ್‌ವಿಡ್ಡಾ ಎಂಬ ಬೋಳು ಪ್ರಸ್ಥಭೂಮಿಗೆ ಪ್ಯಾರಾಶೂಟಿನಲ್ಲಿ ಇಳಿದರು. ಹಿಂದೆ ಬರುವ ಬ್ರಿಟಿಷ್ ಸೈನಿಕರಿಗೆ ದಾರಿ ತೋರುವುದು ಅವರ ಕೆಲಸ. ನವೆಂಬರ್ 19ರ ರಾತ್ರಿ ಎರಡು ಗ್ಲೈಡರುಗಳು, ಎಂದರೆ ಎಂಜಿನ್ ಇಲ್ಲದೆ ಬೇರೆ ವಿಮಾನ ಎಳೆದು ತರುವ ವಿಮಾನಗಳು, ಸೈನಿಕರನ್ನು ಹೊತ್ತು ಹೊರಟವು. ಕೆಟ್ಟ ಹವೆಯಲ್ಲಿ ಎರಡೂ ಗ್ಲೈಡರುಗಳು ಅಪ್ಪಳಿಸಿದವು, ಎಳೆದು ತಂದ ವಿಮಾನಗಳಲ್ಲಿ ಒಂದು ಕೂಡ ಬಿತ್ತು. ಬದುಕುಳಿದವರು ಸಮವಸ್ತ್ರದಲ್ಲಿದ್ದರೂ ಹಿಟ್ಲರನ ಆದೇಶದಂತೆ ಅವರನ್ನು ಜರ್ಮನರು ಕೊಂದರು. ಒಟ್ಟು 41 ಮಂದಿ ಹೋದರು. ಗುರಿ ಯಾವುದೆಂದು ಜರ್ಮನರಿಗೆ ಗೊತ್ತಾಯಿತು, ವೆಮೋರ್ಕ್‌ನ ಕಾವಲು ಬಿಗಿಯಾಯಿತು.

ಬೆಟ್ಟದ ಮೇಲಿನ ನಾಲ್ವರು ಚಳಿಗಾಲವೆಲ್ಲ ಅಲ್ಲೇ ಅಡಗಿದರು. ತಂದ ಆಹಾರ ಮುಗಿಯಿತು. ಬಂಡೆಯ ಮೇಲಿನ ಕಲ್ಲುಹೂವು ಕೆರೆದು ತಿನ್ನುವ ಸ್ಥಿತಿ ಬಂತು. ಕ್ರಿಸ್‌ಮಸ್ ಹೊತ್ತಿಗೆ ಅವರ ನಾಯಕ ಯೆನ್ಸ್ ಆಂಟೊನ್ ಪೌಲ್ಸನ್ ಒಂದು ಹಿಮಸಾರಂಗ ಹೊಡೆದದ್ದರಿಂದ ಜೀವ ಉಳಿಯಿತು. ಸಾರಂಗದ ಜಠರದಲ್ಲಿ ಅರೆಜೀರ್ಣವಾಗಿದ್ದ ಸೊಪ್ಪನ್ನೂ ಅವರು ಬಿಡಲಿಲ್ಲ. ಅವರಿಗೆ ಸಿಗಬಹುದಾಗಿದ್ದ ಹಸಿರು ಅದೊಂದೇ.

ಚಿತ್ರದಲ್ಲಿದ್ದ ಮರಗಳು

ಎರಡನೆಯ ಪ್ರಯತ್ನಕ್ಕೆ ನಾರ್ವೆಯವರನ್ನೇ ಕಳಿಸಲು ನಿರ್ಧಾರವಾಯಿತು. ಐವರನ್ನು ಆರಿಸಿಕೊಂಡು ಮುನ್ನಡೆಸುವ ಹೊಣೆ ರೋನೆಬರ್ಗ್‌ನದು. ಕಾರ್ಯಾಚರಣೆಯ ಹೆಸರು ಗನ್ನರ್‌ಸೈಡ್. ಅಷ್ಟರಲ್ಲಿ ಬ್ರಿಟನ್ನಿಗೆ ಪಾರಾಗಿ ಬಂದಿದ್ದ ಟ್ರಾನ್‌ಸ್ಟಾಡ್ ತಾನೇ ರೂಪಿಸಿದ ಘಟಕದ ಒಂದೊಂದು ಬಾಗಿಲು, ಒಂದೊಂದು ಮೆಟ್ಟಿಲನ್ನೂ ಈ ಹುಡುಗರಿಗೆ ವಿವರಿಸಿದರು. ಭಾರಜಲದ ಉಕ್ಕಿನ ಸಿಲಿಂಡರುಗಳು ಹದಿನೆಂಟು. ನಮ್ಮ ಅಡುಗೆ ಅನಿಲದ ಸಿಲಿಂಡರಿಗಿಂತ ಎತ್ತರ, ಅದಕ್ಕಿಂತ ತೆಳು. ಅವುಗಳ ನಕಲು ಮಾಡಿಸಿ, ಕತ್ತಲಲ್ಲೂ ಕೈ ತಡವರಿಸದಷ್ಟು ಬಾರಿ ಸ್ಫೋಟಕ ಕಟ್ಟಿ ಅಭ್ಯಾಸ ಮಾಡಿದರು. ವೆಮೋರ್ಕ್‌ನ ಒಳಗೆ ಒಮ್ಮೆಯೂ ಕಾಲಿಡದವರಿಗೆ ಅದರ ಒಳಗು ಬಾಯಿಪಾಠವಾಗಿತ್ತು. ಈ ನೀರು ಏಕೆ ಮುಖ್ಯ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಸಿಕ್ಕಿಬಿದ್ದರೆ ಬಾಯಿಬಿಡಲು ಏನೂ ಇರಬಾರದು ಎಂಬುದು ಇದರ ತರ್ಕ. ಪ್ರತಿಯೊಬ್ಬರಿಗೂ ಒಂದು ಸಯನೈಡ್ ಗುಳಿಗೆ ಮಾತ್ರ ಕೊಟ್ಟಿದ್ದರು.

1943ರ ಫೆಬ್ರವರಿ 16ರ ರಾತ್ರಿ ಆರು ಜನ ಹಿಮದ ಮೇಲೆ ಇಳಿದರು. ಮರುದಿನವೇ ಎದ್ದ ಹಿಮಬಿರುಗಾಳಿ ಅವರನ್ನು ದಿನಗಟ್ಟಲೆ ಒಂದು ಗುಡಿಸಲಿನಲ್ಲಿ ಕಟ್ಟಿಹಾಕಿತು. ಗಾಳಿ ಇಳಿದ ಮೇಲೆ ಮೊದಲಿನ ತಂಡ ಸಿಕ್ಕಿತು. ಗಡ್ಡ ಬೆಳೆದು, ಕಣ್ಣು ಗುಳಿಬಿದ್ದು, ಗುರುತು ಸಿಗದಂತಾಗಿದ್ದ ಗೆಳೆಯರು.

ವೆಮೋರ್ಕ್ ಕಾರ್ಖಾನೆ ಕಡಿದಾದ ಬೆಟ್ಟದ ಇಳಿಜಾರಿನಲ್ಲಿ ಕೋಟೆಯಂತೆ ಕುಳಿತಿತ್ತು. ಒಳಹೋಗಲು ಆಳವಾದ ಕಮರಿಯ ಮೇಲೊಂದು ತೂಗುಸೇತುವೆ. ಅದರ ಮೇಲೆ ಸದಾ ಕಾವಲು. ಅತ್ತ ಕಡೆ ನೆಲಬಾಂಬುಗಳು. ಕಮರಿಯನ್ನು ಯಾರೂ ಇಳಿದು ಹತ್ತಲಾರರು ಎಂದು ಜರ್ಮನರು ಅದನ್ನು ಕಾಯುತ್ತಿರಲಿಲ್ಲ. ಆದರೆ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕಮರಿಯ ಗೋಡೆಗೆ ಅಂಟಿಕೊಂಡು ಬೆಳೆದ ಗಿಡಮರಗಳು ಕಂಡವು. ಮರಕ್ಕೆ ಬೇರೂರಲು ಜಾಗವಿದ್ದರೆ ಮನುಷ್ಯನಿಗೆ ಕಾಲೂರಲು ಜಾಗ ಇದ್ದೇ ಇರುತ್ತದೆ. ಮೊದಲಿನ ತಂಡದ, ರಿಯೂಕನ್‌ನವನೇ ಆದ ಕ್ಲಾಸ್ ಹೆಲ್ಬರ್ಗ್ ಹೋಗಿ ನೋಡಿ ಬಂದ. ದಾರಿ ಇತ್ತು.

ಫೆಬ್ರವರಿ 27ರ ರಾತ್ರಿ

ಒಂಬತ್ತು ಜನ ಬ್ರಿಟಿಷ್ ಸೇನಾ ಸಮವಸ್ತ್ರದಲ್ಲಿ ಹೊರಟರು. ಸಮವಸ್ತ್ರಕ್ಕೆ ಕಾರಣವಿತ್ತು. ಹಿಂದಿನ ವರ್ಷ ನಾಜಿ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊದ ಇಬ್ಬರು ಅಧಿಕಾರಿಗಳು ಸತ್ತದ್ದಕ್ಕೆ ಜರ್ಮನರು ಟೆಲವಾಗ್ ಎಂಬ ಮೀನುಗಾರರ ಹಳ್ಳಿಯನ್ನೇ ಸುಟ್ಟು, ಗಂಡಸರನ್ನು ಯಾತನಾ ಶಿಬಿರಕ್ಕೆ ಅಟ್ಟಿದ್ದರು. ಈ ದಾಳಿ ಊರವರದ್ದಲ್ಲ, ಸೇನೆಯದು ಎಂದು ತೋರಬೇಕಿತ್ತು.

ಕಮರಿಯ ಗಿಡಗಳನ್ನು ಹಿಡಿದು ಇಳಿದು, ಕರಗತೊಡಗಿದ್ದ ಹಿಮಗಟ್ಟಿದ ಹೊಳೆ ದಾಟಿ, ಎದುರಿನ ಗೋಡೆ ಹತ್ತಿ, ಕಾರ್ಖಾನೆಯ ರೈಲು ಹಳಿ ಸೇರಿದರು. ನಡುರಾತ್ರಿ ಕಾವಲು ಬದಲಾಗುವವರೆಗೆ ಕಾದರು. ಗೇಟಿನ ಸರಪಳಿಯನ್ನು ಸದ್ದಿಲ್ಲದೆ ತುಂಡರಿಸಿದ ದೊಡ್ಡ ಕತ್ತರಿ ರೋನೆಬರ್ಗ್ ಇಂಗ್ಲೆಂಡಿನ ಕೇಂಬ್ರಿಜ್‌ನ ಅಂಗಡಿಯಲ್ಲಿ ತಾನಾಗಿಯೇ ಕೊಂಡು ತಂದದ್ದು. ಐವರು ಜರ್ಮನ್ ಕಾವಲುಗಾರರ ಬಿಡಾರದ ಎದುರು ಬಂದೂಕು ಗುರಿಯಿಟ್ಟು ನಿಂತರು. ನಾಲ್ವರು ಸ್ಫೋಟಕದೊಂದಿಗೆ ಕಟ್ಟಡದತ್ತ ಹೋದರು.

ನೆಲಮಾಳಿಗೆಯ ಬಾಗಿಲಿಗೆ ಬೀಗ. ಆಗ ನೆನಪಾದದ್ದು ಟ್ರಾನ್‌ಸ್ಟಾಡ್ ಹೇಳಿದ್ದ ಕೇಬಲ್ ಸುರಂಗ. ರೋನೆಬರ್ಗ್ ಮತ್ತು ಫ್ರೆಡ್ರಿಕ್ ಕೈಸರ್ ಕೊಳವೆ, ತಂತಿಗಳ ಮೇಲೆ ಅಂಬೆಗಾಲಿಕ್ಕಿ ತೆವಳಿ ಒಳಗೆ ಇಳಿದರು. ಅಲ್ಲಿದ್ದ ನಾರ್ವೆಯ ಕಾವಲುಗಾರ ಕೈ ಮೇಲೆತ್ತಿದ. ಕೈಸರ್ ಅವನನ್ನು ನೋಡಿಕೊಂಡ. ರೋನೆಬರ್ಗ್ ಸಿಲಿಂಡರುಗಳ ಬುಡಕ್ಕೆ ಒಂದೊಂದಾಗಿ ಸ್ಫೋಟಕ ಕಟ್ಟತೊಡಗಿದ. ಅರ್ಧ ಮುಗಿಯುವಷ್ಟರಲ್ಲಿ ಕಿಟಕಿಯ ಗಾಜು ಒಡೆದ ಸದ್ದು. ಸುರಂಗ ಸಿಗದ ಬಿರ್ಗರ್ ಸ್ಟ್ರೋಮ್‌ಸ್‌ಹೈಮ್ ಹೊರಗಿನಿಂದ ಕಿಟಕಿ ಒಡೆದಿದ್ದ. ಗಾಜು ಸರಿಸಲು ಹೋದ ರೋನೆಬರ್ಗ್‌ನ ಕೈ ಕೊಯ್ದು ರಕ್ತ ಸುರಿಯಿತು.

ಮೊದಲು ಎರಡು ನಿಮಿಷ ಉರಿಯುವ ಬತ್ತಿ ಇಡುವುದೆಂದು ಯೋಜನೆ. ರೋನೆಬರ್ಗ್ ಅದನ್ನು 30 ಸೆಕೆಂಡಿಗೆ ಇಳಿಸಿದ. ಎರಡು ನಿಮಿಷದಲ್ಲಿ ಯಾರಾದರೂ ಬಂದು ಬತ್ತಿ ಕಿತ್ತುಹಾಕಬಹುದು. ಮೂವತ್ತು ಸೆಕೆಂಡಿನಲ್ಲಿ ತಾವು ಹೊರಬೀಳಬಹುದು, ಸದ್ದನ್ನೂ ಕಿವಿಯಾರೆ ಕೇಳಿ ಖಾತ್ರಿ ಮಾಡಿಕೊಳ್ಳಬಹುದು.

ಬೆಂಕಿಕಡ್ಡಿ ಗೀರುವ ಹೊತ್ತು. ಆಗ ಕಾವಲುಗಾರ ಬಾಯಿ ಬಿಟ್ಟ: ನನ್ನ ಕನ್ನಡಕ ಎಲ್ಲೋ ಇದೆ, ಅದು ಬೇಕು, ಯುದ್ಧಕಾಲದಲ್ಲಿ ಹೊಸದು ಸಿಗುವುದಿಲ್ಲ. ಗೋಡೆಯಾಚೆ ಜರ್ಮನ್ ಸೈನಿಕರು. ಕೈಯಲ್ಲಿ ಬೆಂಕಿಕಡ್ಡಿ. ರೋನೆಬರ್ಗ್ ಕಡ್ಡಿ ಬಿಟ್ಟು ಮೇಜಿನ ಮೇಲೆ ಹುಡುಕಿ ಕನ್ನಡಕದ ಪೆಟ್ಟಿಗೆ ತಂದುಕೊಟ್ಟ. ಮತ್ತೆ ಬತ್ತಿಯ ಹತ್ತಿರ ಹೋದ. ಪೆಟ್ಟಿಗೆ ಖಾಲಿ ಎಂದ ಆ ಮನುಷ್ಯ. ರೋನೆಬರ್ಗ್ ಮತ್ತೆ ಹುಡುಕಿ, ಕನ್ನಡಕ ಸಿಕ್ಕಿದ ಮೇಲೆಯೇ ಬೆಂಕಿ ಹಚ್ಚಿದ. ಈ ದಾಳಿಯ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಸ್ಫೋಟದ ಹತ್ತಿರವಲ್ಲ, ಈ ಕನ್ನಡಕದ ಹತ್ತಿರ. ತನ್ನವನೇ ಆದ ಒಬ್ಬ ಕೂಲಿಯ ಮನುಷ್ಯ ನಾಳೆ ಬೆಳಿಗ್ಗೆ ಏನು ಮಾಡುತ್ತಾನೆ ಎಂದು ಯೋಚಿಸುವ ವ್ಯವಧಾನ ಆ ಹುಡುಗನಿಗೆ ಇತ್ತು.

ಕಾವಲುಗಾರನನ್ನು ಮೇಲೆ ಓಡಲು ಹೇಳಿ ನಾಲ್ವರೂ ಹೊರಬಂದರು. ಕೆಲವೇ ಹೆಜ್ಜೆ ಇಟ್ಟಿರಬೇಕು, ಒಳಗಿನಿಂದ ಮಂಕಾದ ಒಂದು ಸದ್ದು. ದಪ್ಪ ಗೋಡೆಗಳು ಅದನ್ನು ನುಂಗಿದ್ದವು. ಒಬ್ಬ ಜರ್ಮನ್ ಸೈನಿಕ ಟಾರ್ಚ್ ಹಿಡಿದು ಬಂದು ಸುತ್ತ ನೋಡಿದ. ಕತ್ತಲಲ್ಲಿ ಅವನತ್ತ ಗುರಿಯಿಟ್ಟವರು ಉಸಿರು ಬಿಗಿಹಿಡಿದರು, ಗುಂಡು ಹಾರಿಸಲಿಲ್ಲ. ಅವನು ಒಳಗೆ ಹೋದ. ಹದಿನೆಂಟೂ ಸಿಲಿಂಡರುಗಳ ತಳ ಒಡೆದು ಸುಮಾರು 500 ಕಿಲೋ ಭಾರಜಲ ಚರಂಡಿ ಪಾಲಾಗಿತ್ತು.

ಮರಳುದಾರಿ

ರಿಯೂಕನ್ ಕಣಿವೆ ಎಷ್ಟು ಆಳವೆಂದರೆ ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ. ಊರವರು ಬಿಸಿಲು ಕಾಣಲೆಂದು ಕಂಪನಿ 1928ರಲ್ಲಿ ಬೆಟ್ಟದ ಮೇಲಕ್ಕೆ ಕೇಬಲ್ ಕಾರ್ ಹಾಕಿಸಿತ್ತು. ಅದರ ಕೆಳಗಿನ ಅಂಕುಡೊಂಕು ದಾರಿಯಲ್ಲಿ ಒಂಬತ್ತು ಜನ ಗಂಟೆಗಟ್ಟಲೆ ಹತ್ತಿದರು. ಮೇಲೆ ಮುಟ್ಟಿದಾಗ ಬೆಳಗಾಗುತ್ತಿತ್ತು. ದಣಿದು ಕುಳಿತು ಸೂರ್ಯೋದಯ ನೋಡಿದೆವು, ಯಾರೂ ಮಾತಾಡಲಿಲ್ಲ ಎಂದು ಮುಂದೆ ರೋನೆಬರ್ಗ್ ನೆನೆದಿದ್ದಾರೆ.

ಸುಮಾರು ಮೂರು ಸಾವಿರ ಜರ್ಮನ್ ಸೈನಿಕರು ಹುಡುಕಾಟಕ್ಕೆ ಇಳಿದರು. ಐವರು ಸಮವಸ್ತ್ರದಲ್ಲೇ ಸ್ಕೀ ಹಲಗೆಗಳ ಮೇಲೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ತಟಸ್ಥ ದೇಶ ಸ್ವೀಡನ್ ಸೇರಿದರು. ಉಳಿದವರು ನಾರ್ವೆಯಲ್ಲೇ ಉಳಿದರು. ಒಬ್ಬನೂ ಸಿಗಲಿಲ್ಲ. ನಾರ್ವೆಯಲ್ಲಿದ್ದ ಜರ್ಮನ್ ಸೇನೆಯ ಮುಖ್ಯಸ್ಥ ಫಾಲ್ಕೆನ್‌ಹಾರ್ಸ್ಟ್ ಸ್ವತಃ ಬಂದು ನೋಡಿ, ಇಷ್ಟು ಅಚ್ಚುಕಟ್ಟಾದ ದಾಳಿಯನ್ನು ತಾನು ಕಂಡಿಲ್ಲ ಎಂಬರ್ಥದ ಮಾತಾಡಿದನೆಂದು ದಾಖಲಾಗಿದೆ.

ಬಾಂಬು, ಹಡಗು

ಕೆಲವೇ ತಿಂಗಳಲ್ಲಿ ಜರ್ಮನರು ಘಟಕವನ್ನು ರಿಪೇರಿ ಮಾಡಿ ಮತ್ತೆ ಭಾರಜಲ ತೆಗೆಯತೊಡಗಿದರು. 1943ರ ನವೆಂಬರ್ 16ರಂದು ನೂರಕ್ಕೂ ಹೆಚ್ಚು ಅಮೆರಿಕದ ಬಾಂಬರ್ ವಿಮಾನಗಳು ಬಂದವು. ನೆಲಮಾಳಿಗೆಯಲ್ಲಿದ್ದ ಭಾರಜಲದ ಉಪಕರಣಗಳಿಗೆ ಹೆಚ್ಚಿನ ಪೆಟ್ಟು ಬೀಳಲಿಲ್ಲ. ಊರವರು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಗುರಿ ಅದೇ, ಕಟ್ಟಡವೂ ಅದೇ. ಒಳಗನ್ನು ಬಲ್ಲ ನಾಲ್ಕು ಜನ ಸ್ಫೋಟಕದ ಚೀಲ ಹೊತ್ತು ಮಾಡಿದ್ದನ್ನು ಆಕಾಶದಿಂದ ಮಾಡಲಾಗಲಿಲ್ಲ.

ಆದರೂ ಅಲ್ಲಿ ಇನ್ನು ನೆಮ್ಮದಿಯಿಲ್ಲ ಎಂದು ಜರ್ಮನರು ಉಳಿದ ಭಾರಜಲವನ್ನು ಸ್ವದೇಶಕ್ಕೆ ಸಾಗಿಸಲು ಹೊರಟರು. ದಾರಿಯಲ್ಲಿ ಟಿನ್ ಸರೋವರವನ್ನು 'ಹೈಡ್ರೊ' ಎಂಬ ಹಡಗಿನಲ್ಲಿ ದಾಟಬೇಕು. ಗನ್ನರ್‌ಸೈಡ್ ತಂಡದ ಕ್ನೂಟ್ ಹೌಕೆಲಿಡ್ ಅಲಾರಂ ಗಡಿಯಾರಕ್ಕೆ ಜೋಡಿಸಿದ ಸ್ಫೋಟಕವನ್ನು ಹಡಗಿನ ತಳದಲ್ಲಿಟ್ಟ. ಪ್ರಯಾಣಿಕರು ಕಡಿಮೆ ಇರಲಿ ಎಂದು ಭಾನುವಾರ ಆರಿಸಿದ್ದರು. 1944ರ ಫೆಬ್ರವರಿ 20ರಂದು ಹಡಗು ನಾನೂರು ಮೀಟರಿಗೂ ಹೆಚ್ಚು ಆಳಕ್ಕೆ ಮುಳುಗಿತು. 18 ಜನ ಸತ್ತರು. ಅವರಲ್ಲಿ 14 ಮಂದಿ ನಾರ್ವೆಯವರೇ.

ಇದರಿಂದ ಆದದ್ದೇನು?

ಜರ್ಮನಿ ಬಾಂಬ್ ಮಾಡಲಿಲ್ಲ. ಅದಕ್ಕೆ ಈ ದಾಳಿಗಳೊಂದೇ ಕಾರಣವೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಯುದ್ಧ ಮುಗಿದ ಮೇಲೆ ಗೊತ್ತಾದ ಪ್ರಕಾರ ಹಿಟ್ಲರನ ಸರ್ಕಾರ 1942ರಲ್ಲೇ ಬಾಂಬ್ ಯೋಜನೆಗೆ ದೊಡ್ಡ ಹಣ ಹಾಕದಿರಲು ತೀರ್ಮಾನಿಸಿತ್ತು. ಇನ್ನೊಂದು ಸಂಗತಿಯೂ ಅಷ್ಟೇ ನಿಜ: 1945ರ ವಸಂತದಲ್ಲಿ ಹೈಗರ್‌ಲೋಖ್ ಎಂಬ ಊರಿನ ನೆಲಮಾಳಿಗೆಯಲ್ಲಿ ಜರ್ಮನ್ ವಿಜ್ಞಾನಿಗಳು ನಡೆಸಿದ ಕೊನೆಯ ಪ್ರಯೋಗದಲ್ಲಿ ಸರಣಿ ಕ್ರಿಯೆ ತಾನಾಗಿ ಮುಂದುವರಿಯಲಿಲ್ಲ, ಯುರೇನಿಯಂ ಮತ್ತು ಭಾರಜಲ ಎರಡೂ ಸಾಲದಾಗಿದ್ದವು. 1943ರಲ್ಲಿ ಲಂಡನ್ನಿನಲ್ಲಿ ಕುಳಿತವರಿಗೆ ಈ ಯಾವುದೂ ತಿಳಿದಿರಲಿಲ್ಲ. ಅವರಿಗೆ ತಿಳಿದಿದ್ದದ್ದು ಜರ್ಮನರು ವೆಮೋರ್ಕ್‌ನಿಂದ ಹೆಚ್ಚು ಹೆಚ್ಚು ಭಾರಜಲ ಕೇಳುತ್ತಿದ್ದಾರೆ ಎಂಬುದಷ್ಟೇ.

ಆಮೇಲೆ

ರೋನೆಬರ್ಗ್ ಸ್ವೀಡನ್‌ನಿಂದ ಬ್ರಿಟನ್ನಿಗೆ ಮರಳಿ, 1944ರಲ್ಲಿ ಮತ್ತೆ ನಾರ್ವೆಯಲ್ಲಿ ಇಳಿದ. ಒಂದು ಚಳಿಗಾಲವನ್ನು ಪೂರ್ತಿ ಬೆಟ್ಟದಲ್ಲಿ ಅಡಗಿ ಕಳೆದು, 1945ರ ಜನವರಿಯಲ್ಲಿ ಜರ್ಮನರು ಬಳಸುತ್ತಿದ್ದ ರೌಮಾ ರೈಲು ಮಾರ್ಗದ ಒಂದು ಸೇತುವೆಯನ್ನು ಸಿಡಿಸಿದ. ದಾರಿ ಹೇಳಿಕೊಟ್ಟಿದ್ದ ಪ್ರಾಧ್ಯಾಪಕ ಟ್ರಾನ್‌ಸ್ಟಾಡ್ ತಾವೂ ನಾರ್ವೆಗೆ ಇಳಿದು, ಯುದ್ಧ ಮುಗಿಯಲು ಎರಡು ತಿಂಗಳಿದೆ ಎನ್ನುವಾಗ ಕೊಲೆಯಾದರು.

ಆ ಹದಿನೆಂಟು ಸಿಲಿಂಡರುಗಳಲ್ಲಿ ಏನಿತ್ತು, ಅದು ಏಕೆ ಬೇಕಿತ್ತು ಎಂಬುದು ತನಗೆ ನಿಜವಾಗಿ ಅರ್ಥವಾದದ್ದು 1945ರ ಆಗಸ್ಟ್‌ನಲ್ಲಿ, ಹಿರೋಷಿಮಾ ಮತ್ತು ನಾಗಸಾಕಿಯ ಸುದ್ದಿ ಕೇಳಿದಾಗ ಎಂದು ರೋನೆಬರ್ಗ್ ಹೇಳಿದ್ದಾರೆ. ಯುದ್ಧದ ನಂತರ ಅವರು ಹುಟ್ಟೂರಿಗೆ ಮರಳಿ ನಾರ್ವೆಯ ಸರ್ಕಾರಿ ರೇಡಿಯೋದಲ್ಲಿ ನಾಲ್ಕು ದಶಕ ಪತ್ರಕರ್ತರಾಗಿ ದುಡಿದರು. ಬಹಳ ವರ್ಷ ಯುದ್ಧದ ಮಾತೆತ್ತಲಿಲ್ಲ. ವಯಸ್ಸಾದ ಮೇಲೆ ಯುವಕರ ಎದುರು ಮಾತಾಡತೊಡಗಿದರು. 2014ರಲ್ಲಿ ಓಲೆಸುನ್‌ನಲ್ಲಿ ಅವರ ಪ್ರತಿಮೆ ನಿಂತಿತು. 2018ರ ಅಕ್ಟೋಬರ್ 21ರಂದು ತೀರಿಕೊಂಡಾಗ ಅವರಿಗೆ 99 ವರ್ಷ. ಆ ರಾತ್ರಿ ಕಮರಿ ಇಳಿದ ಒಂಬತ್ತು ಜನರಲ್ಲಿ ಕೊನೆಯವರೆಗೆ ಉಳಿದಿದ್ದವರು ಅವರೊಬ್ಬರೇ.